ಅಪ್ಪನ ಹುಡುಗರು

ಅಪ್ಪ ನಿವೃತ್ತ ಇನ್‌ಸ್ಪೆಕ್ಟರ್. ಹೆಂಡತಿ ಮಕ್ಕಳೆಂದರೆ ಅವರಿಗೆ ಪ್ರಾಣ ಎಂದು ಬೀದಿಯವರೆಲ್ಲ ಹೊಗಳುತ್ತಾರೆ. ಹೊಗಳುವವರಿಗೇನು, ಅವರು ನಮ್ಮ ಮನೆಯಲ್ಲಿ ಇರಬೇಕಾಗಿಲ್ಲ.

ಗಂಡನ ಹೊಡೆತಕ್ಕೆ ತುಟಿ ಒಡೆದು ಅಕ್ಕ ಮನೆಗೆ ಬಂದಾಗ, ಅಪ್ಪ ಕಿತ್ತಳೆ ಸುಲಿದು, ಬೀಜ ತೆಗೆದು, ಒಂದೊಂದೇ ತೊಳೆಯನ್ನು ಅವಳ ಬಾಯಿಗಿಟ್ಟರು. ಒಡೆದ ತುಟಿಗೆ ಹುಳಿ ಉರಿಯುತ್ತದೆ ಎಂಬುದು ಆ ಮಹಾಶಯರಿಗೆ ಹೊಳೆಯಲಿಲ್ಲ.

"ಎರಡು ದಿನ ಇದ್ದು ವಾಪಸ್ ಹೋಗು ಪುಟ್ಟಾ. ಗಂಡಸಿಗೆ ಸಿಟ್ಟು ಬರೋದು ಇದ್ದಿದ್ದೇ."

"ಹೋಗಲ್ಲಪ್ಪ. ಸ್ಟೇಷನ್ನಿಗೆ ಹೋಗಿ ಕಂಪ್ಲೇಂಟ್ ಕೊಡ್ತೀನಿ."

ಅಪ್ಪ ಬೈಯಲಿಲ್ಲ. "ಕೊಡಮ್ಮ, ನಾನ್ಯಾಕೆ ಬೇಡ ಅನ್ನಲಿ? ಅಲ್ಲಿರೋರೆಲ್ಲ ನನ್ನ ಹುಡುಗ್ರೇ" ಎಂದು ತಾವೇ ಬೀದಿಗಿಳಿದು ಆಟೋ ಕರೆದರು.

ಅಕ್ಕನ ಜೊತೆ ನಾನೂ ಹೋದೆ. ಎಸ್‌ಐ ಎದ್ದು ನಿಂತು, ಫ್ಯಾನಿನ ಕೆಳಗೆ ಕುರ್ಚಿ ಹಾಕಿಸಿದರು. ಅಕ್ಕ ಎಲ್ಲವನ್ನೂ ಹೇಳಿದಳು. ಅವರು ತಲೆ ತಗ್ಗಿಸಿಕೊಂಡು ಕೇಳಿದರು, ಪೆನ್ನು ಮಾತ್ರ ಮುಟ್ಟಲಿಲ್ಲ.

"ಬರ್ಕೊಳ್ಳಿ ಸಾರ್" ಎಂದೆ.

"ಬರ್ಕೊಳ್ಳೋಣ ಮೇಡಂ. ಮೊದ್ಲು ಕಾಫಿ ತಗೊಳ್ಳಿ."

ಅಕ್ಕನ ಕಾಫಿಗೆ ಸಕ್ಕರೆ ಹಾಕಿರಲಿಲ್ಲ. ಅವಳು ಕುಡಿಯುವುದೇ ಹಾಗೆ. ಮೊದಲ ಬಾರಿಗೆ ಅವಳ ಮುಖ ಸಡಿಲವಾಯಿತು.

"ನಾನು ಸಕ್ಕರೆ ಹಾಕ್ಕೊಳ್ಳಲ್ಲ ಅಂತ ನಿಮಗೆ ಹೇಗೆ ಗೊತ್ತಾಯ್ತು ಸಾರ್?"

"ನೀವು ಬರೋಕೆ ಮುಂಚೇನೇ ಸಾಹೇಬ್ರು ಫೋನ್ ಮಾಡಿದ್ರು ಮೇಡಂ. ಮಗಳಿಗೆ ಸಕ್ಕರೆ ಇಲ್ಲದ ಕಾಫಿ ಕೊಟ್ಟು ಕೂರಿಸ್ಕೊಂಡಿರಿ, ಕರ್ಕೊಂಡು ಹೋಗೋಕೆ ಅಳಿಯನ್ನ ಕಳಿಸ್ತಿದ್ದೀನಿ ಅಂದ್ರು."