ಗದ್ದುಗೆಯ ಕಂಬಳಿ

ಹಮಾಲಿ ಓಬಳೇಶ ಕಾರ್ಪೆಟ್ಟಿನ ಒಂದು ಎಳೆ ಕಿತ್ತು ಕಡ್ಡಿ ಗೀರಿದ. ಎಳೆ ಮೇಣದಂತೆ ಕರಗಿ ತೊಟ್ಟಿಕ್ಕಿತು. ಕಪ್ಪು ಹೊಗೆ ಮೂಗಿಗೆ ಹೊಡೆದು ಅವನು ಥೂ ಎಂದು ಉಗಿದ. ಚಳ್ಳಕೆರೆಯ ಗೋದಾಮಿನ ಮುಂದೆ ಲಾರಿ ತುಂಬುತ್ತಿತ್ತು. ಸರಕೆಲ್ಲ ಮೊಳಕಾಲ್ಮುರಿನ ಹೆಣ್ಣುಮಕ್ಕಳ ಹಾಸ್ಟೆಲಿಗೆ.

"ಸಾವ್ಕಾರ್ರೇ, ಉಣ್ಣೆ ಅಂದ್ರಿ, ಇದು ನೈಲಾನು. ಕೈಯಾಡಿಸಿದ್ರೆ ಚಟಪಟ ಅಂತೈತೆ, ಮೈಕೂದಲು ನಿಲ್ತಾವೆ. ಬೆಂಕಿ ಬಿದ್ರೆ ಮಕ್ಕಳು ಹೊಗೆಗೇ ಸಾಯ್ತಾವೆ."

"ಲೇ, ಏಳನೇ ಕ್ಲಾಸು ಪೇಲಾದೋನೇ, ಲ್ಯಾಬಿನೋರಿಗಿಂತ ನೀನು ದೊಡ್ಡೋನೇನಲೇ?" ಮಹಾರುದ್ರಪ್ಪ ನಗುತ್ತ ವರದಿಯನ್ನು ಅವನ ಎದೆಗೆ ಒತ್ತಿದ. "ಕರೆಂಟೂ ಹಿಡಿಯಲ್ಲ, ಹೊಗೆನೂ ಕಮ್ಮಿ. ಪಾಸು!"

ಇಂಗ್ಲಿಷು ಓಬಳೇಶನಿಗೆ ಬರುತ್ತಿರಲಿಲ್ಲ. ಆದರೆ ವರದಿಗೆ ಪರೀಕ್ಷೆಯಲ್ಲಿ ಸುಟ್ಟುಳಿದ ಚೂರೊಂದನ್ನು ಪಿನ್ನು ಮಾಡಿದ್ದರು. ಕೈನೂಲಿನ ಕರಿ ಉಣ್ಣೆ, ಅಂಚಿಗೆ ಅರಿಶಿನ. ಅವನು ಅದನ್ನು ಪಕ್ಕದಲ್ಲಿ ಚೀಲ ಹೊಲಿಯುತ್ತಿದ್ದ ಅವ್ವನ ಮುಂದೆ ಹಿಡಿದ.

ತಿಪ್ಪೇರುದ್ರಮ್ಮ ಚೂರನ್ನು ಬೆರಳಲ್ಲಿ ಸವರಿದಳು. ದೇವರ ಗದ್ದುಗೆಗೆ ಹಾಸಲು ಅವಳು ಒಪ್ಪತ್ತಿದ್ದು ನೇಯ್ದ ಕಂಬಳಿ ಅದು. ಮನೆಯಲ್ಲಿ ಪೂಜೆಯಿದೆ ಎಂದು ಹೇಳಿ ಮಹಾರುದ್ರಪ್ಪ ಎರಡೂ ಕೈಯೊಡ್ಡಿ ಇಸಿದುಕೊಂಡು ಹೋಗಿದ್ದ. ಹಣೆಗೆ ಒತ್ತಿಕೊಂಡೇ ಅವಳು ಕೊಟ್ಟಿದ್ದಳು.

ಇಪ್ಪತ್ತು ವರ್ಷ ಸಾವ್ಕಾರನೆದುರು ತಲೆಗೆ ಸೆರಗು ಹೊದ್ದು, 'ರೀ' ಎಂದೇ ಮಾತಾಡುತ್ತಿದ್ದವಳು ಎದ್ದು ನಿಂತಳು.

"ಕಾರ್ಪೆಟ್ಟಿನ ಬದ್ಲು ದೇವ್ರ ಕಂಬ್ಳಿ ಸುಟ್ಟು ಪಾಸಾದೆಯೇನಲೋ?" ಎಂದಳು. "ಓಬಳೇಶಾ, ಲಾರಿಯಾಗಿಂದ ಮಾಲು ಇಳಿಸಪ್ಪಾ. ಯಾವನು ತಡೀತಾನೋ ನೋಡೇ ಬಿಡ್ತೀನಿ."