ಕುಳಿತವರ ಬಡಿತ

ಶೇಖರಮ್ಮನ ಎಡ ಹೆಗಲ ಕೆಳಗೆ, ಪೇಸ್‌ಮೇಕರ್ ಕೂರಿಸಿದ್ದ ಜಾಗದ ಮೇಲೆ ಯಂತ್ರದ ಹಿಡಿಯನ್ನಿಟ್ಟು ಟೆಕ್ನಿಷಿಯನ್ ಶೈಲಜಾ ಪರದೆ ನೋಡಿದಳು. ಬ್ಯಾಟರಿ ಸರಿಯಿತ್ತು, ತಂತಿ ಸರಿಯಿತ್ತು. ಬಡಿತ ನಿಮಿಷಕ್ಕೆ ಅರವತ್ತು.

"ಮತ್ತ ದಮ್ಮು ಯಾಕ ಬರಾಕತ್ತೈತ್ರಿ ಅಮ್ಮಾ?"

"ಹಂಗ ಬರತೈತವ್ವ, ವಯಸ್ಸಾತು," ಎಂದಳು ಶೇಖರಮ್ಮ, ಮಗನ ಕಡೆ ನೋಡಿ.

ಮಗ ಸಂಗನಬಸವ ಗೋಡೆಗೆ ಒರಗಿ ನಿಂತಿದ್ದ. ಪಕ್ಕದ ಕುರ್ಚಿಯಲ್ಲಿ ಅವನ ಮಗಳ ಮಾವ, ಲಿಂಗಸುಗೂರಿನ ಕರಿಬಸಯ್ಯ. ಮುಕ್ಕುಂದದಿಂದ ಸಿಂಧನೂರಿನ ಈ ಆಸ್ಪತ್ರೆಗೆ ಅವರು ಬಂದದ್ದು ಕರಿಬಸಯ್ಯನವರ ಕಾರಿನಲ್ಲಿ.

"ಹೋದ ಸಲ ಕೇಳಿದಾಗ, ಅವ್ವ ಗಾದಿ ಬಿಟ್ಟು ಇಳ್ಯಂಗಿಲ್ಲ ಅಂದಿದ್ರಿ," ಎಂದಳು ಶೈಲಜಾ ಸಂಗನಬಸವನಿಗೆ. "ಅದಕ್ಕ ಡಾಕ್ಟರು ಇದನ್ನ ಕುಂತೋರ ಲೆಕ್ಕಕ್ಕ ಇಟ್ಟಾರ. ಮೈ ಎಷ್ಟು ದುಡಿದ್ರೂ ಬಡಿತ ಅರವತ್ತಕ್ಕ ನಿಂತಿರತೈತಿ. ದುಡಿಯೋರಿಗೆ ಅದು ಸಾಲಂಗಿಲ್ಲ, ಕಣ್ಣಿಗೆ ಕತ್ತಲಿ ಬಂದು ಬಿದ್ದಾರು. ಖರೇ ಹೇಳ್ರಿ."

"ಏನ್ ಕೇಳ್ತೀಯವ್ವ!" ಕರಿಬಸಯ್ಯ ನಕ್ಕರು. "ನಮ್ಮ ಬೀಗರ ಮನ್ಯಾಗ ಅಮ್ಮಾರು ರಾಣಿ ಇದ್ದಂಗ ಅದಾರ. ಕುಂತಲ್ಲೇ ಚಾ, ಕುಂತಲ್ಲೇ ಊಟ."

ಹೋದ ಸಲವೂ ಅವರು ಇಲ್ಲೇ ಕೂತಿದ್ದರು. ಸಂಗನಬಸವ ಆ ಮಾತು ಆಡಿದ್ದೇ ಅವರು ಕೇಳಲೆಂದು. ದನದ ಆಳು ಬಿಟ್ಟುಹೋದ ಮೇಲೆ ಅವನು ಬೇರೆಯವನನ್ನು ಹುಡುಕಿರಲಿಲ್ಲ. ಎಮ್ಮೆಗಳಿಗೆ ನೀರು ಹೊರುವವಳು, ನಾಟಿಯವರಿಗೆ ಗದ್ದೆಗೆ ಬುತ್ತಿ ಒಯ್ಯುವವಳು ಅವ್ವನೇ. ಅದನ್ನು ಹೇಳಲು ಬಾಯಿ ತೆರೆದ. ಬೀಗರ ನಗುಮುಖ ಕಂಡಿತು.

"ದೇವರ ಕೋಣಿ ತನಕ ಹೋಗಿ ಬರ್ತಾಳ, ಅಷ್ಟರೀ," ಎಂದ.

"ಹೌದವ್ವ, ಮಗ ಹೇಳ್ದಂಗ," ಎಂದಳು ಶೇಖರಮ್ಮ.

ಶೈಲಜಾ ಇಬ್ಬರನ್ನೂ ನೋಡಿದಳು. ಡಾಕ್ಟರಿಗೆ ಫೋನು ಮಾಡಿ ಕೇಳಿ, ಪರದೆಯನ್ನು ಒತ್ತಿ ಏನೋ ಬದಲಿಸಿ, ಹಿಡಿಯನ್ನು ತೆಗೆದಿಟ್ಟಳು. ಯಂತ್ರ ಈಗ ದೂರದಿಂದಲೂ ಬಡಿತ ಓದುತ್ತಿತ್ತು.

"ಇನ್ನ ಮೈ ಆಡಿದಂಗ ಬಡಿತ ಏರತೈತ್ರಿ. ವರಾಂಡದಾಗ ಜೋರು ನಡೀರಿ ಅಮ್ಮಾ, ನೋಡೂಣು."

ಶೇಖರಮ್ಮ ನಾಲ್ಕು ಹೆಜ್ಜೆ ಇಟ್ಟು ನಿಂತಳು. ಕೈಗಳನ್ನು ಎಲ್ಲಿಡಬೇಕೋ ತಿಳಿಯಲಿಲ್ಲ.

"ಬರಿಗೈಲೆ ಜೋರು ನಡಿಯಾಕ ಬರವಲ್ದವ್ವ," ಎಂದು ನಾಚಿಕೊಂಡು, ಬಾಗಿಲ ಬಳಿಯಿದ್ದ ಖಾಲಿ ನೀರಿನ ಕ್ಯಾನನ್ನು ಎತ್ತಿ ಸೊಂಟದ ಮೇಲಿಟ್ಟುಕೊಂಡಳು. ಸೆರಗು ಸಿಕ್ಕಿಸಿ, ಮೈಯನ್ನು ಒಂದು ಕಡೆ ವಾಲಿಸಿ, ಸರಸರನೆ ಆ ತುದಿಗೆ ನಡೆದಳು. ಪರದೆಯ ಮೇಲೆ ಎಪ್ಪತ್ತು, ಎಂಬತ್ತು, ತೊಂಬತ್ತು.

ಕರಿಬಸಯ್ಯನವರ ನಗು ನಿಂತಿತ್ತು. ಸಂಗನಬಸವನಿಗೆ ಅವರ ಕಡೆಗಾಗಲಿ ಅವ್ವನ ಕಡೆಗಾಗಲಿ ತಲೆ ಎತ್ತಲಾಗಲಿಲ್ಲ.

ಅವ್ವ ತಿರುಗಿ ಬಂದು ಅವನೆದುರೇ ನಿಂತಳು. ಮುಖ ಅರಳಿತ್ತು.

"ದಮ್ಮು ಬರಲೇ ಇಲ್ಲ ನೋಡಪ್ಪಾ ಸಂಗಣ್ಣ! ನಾಳಿಂದ ಎರಡೂ ಕೊಡ ಒಮ್ಮೆಗೇ ತರ್ತೀನಿ."