ಮುಖ ನೋಡಿ ಮಾತ್ರೆ

“ಚೀಟಿ ಇಲ್ದೆ ಈ ಮಾತ್ರೆ ಕೊಡೋಕಾಗಲ್ಲ ಅಮ್ಮ” ಎಂದು ಸೌಜನ್ಯ ಹೇಳಿದ್ದೇ ತಡ, ಒಳಗೆ ಆಕಳಿಸುತ್ತ ಕೂತಿದ್ದ ಯಜ್ಞೇಶ ಧಡಕ್ಕನೆ ಎದ್ದು ಬಂದ.

ಕೊಪ್ಪ ಬಸ್‌ಸ್ಟ್ಯಾಂಡ್ ಹತ್ತಿರದ ಆ ಮೆಡಿಕಲ್ ಶಾಪಿನ ಯಜಮಾನ ಅವನು. ಹಣೆಗೆ ಬ್ಯಾಂಡೇಜು. ಹೋದ ವಾರ ಹಾಡಹಗಲೇ ಬೈಕನ್ನು ಚರಂಡಿಗೆ ಇಳಿಸಿದ್ದ. ಬೈದದ್ದು ಮಾತ್ರ ರಸ್ತೆಯನ್ನು.

ಫಾರ್ಮಸಿ ಓದಿ ಹೋದ ತಿಂಗಳಷ್ಟೇ ಕೆಲಸಕ್ಕೆ ಸೇರಿದ ಸೌಜನ್ಯಳಿಗೆ ಪಾಠ ಹೇಳುವುದೆಂದರೆ ಅವನಿಗೆ ಹಬ್ಬ. “ಶೆಡ್ಯೂಲ್ ಹೆಚ್, ಹೆಚ್-ಒನ್, ಎಕ್ಸ್ ಅಂತ ಚೀಟಿ ಕೇಳೋ ಔಷಧಿ ಪಟ್ಟಿ ಎಲ್ಲ ನಿನ್ನ ಪುಸ್ತಕದಲ್ಲೇ ಇರ್ಲಿ. ಇಲ್ಲಿರೋದು ಎರಡೇ. ಕೊಡೋ ಮುಖ, ಕೊಡಬಾರದ ಮುಖ.” ಆಹಾ, ಎಂಥ ಜ್ಞಾನ! ಪಾಪ, ಸರ್ಕಾರ ಸುಮ್ಮನೆ ಕಾನೂನು ಬರೆದು ಕಾಗದ ಹಾಳು ಮಾಡಿತ್ತು.

ಅವತ್ತು ಬೆಳಿಗ್ಗೆಯೇ ಕೂಲಿ ಕೆಲಸದ ಗುರುವ, ಮುರಿದ ಕೈಗೆ ಕಟ್ಟು ಹಾಕಿಸಿಕೊಂಡು, ಆಸ್ಪತ್ರೆಯ ಚೀಟಿ ಹಿಡಿದು ನೋವಿನ ಮಾತ್ರೆಗೆ ಬಂದಿದ್ದ. ಯಜ್ಞೇಶ ಚೀಟಿ ಬಿಡಿಸಿಯೂ ನೋಡಲಿಲ್ಲ. “ಇವ್ರೆಲ್ಲ ನಶೆಗೆ ತಿನ್ನೋರು” ಎಂದು ಅಟ್ಟಿದ. ಸೌಜನ್ಯಳಿಗೆ ಮೈಯೆಲ್ಲ ಉರಿದುಹೋಯಿತು. ಆದರೂ ಬಾಯಿ ಮುಚ್ಚಿಕೊಂಡಳು. ಅಪ್ಪ ಹಾಸಿಗೆ ಹಿಡಿದ ಮೇಲೆ ಬಾಳಗಡಿಯ ಮನೆ ನಡೆಯುವುದು ಅವಳ ಸಂಬಳದಿಂದಲೇ.

ಈಗ ಎದುರಿಗಿದ್ದವರು ಅನ್ನಪೂರ್ಣಮ್ಮ, ಯಜ್ಞೇಶನ ಪಕ್ಕದ ಮನೆಯವರು. ಕೇಳಿದ್ದು ನಿದ್ದೆ ಮಾತ್ರೆ. ಚೀಟಿ ಗೀಟಿ ಏನೂ ಇಲ್ಲ.

“ಇದು ಹೆಚ್-ಒನ್, ಅಮ್ಮ. ಮಾರನೇ ದಿನಾನೂ ಮಂಪರು ಇರತ್ತೆ. ಗಾಡಿ ಓಡಿಸೋರಿಗಂತೂ ಅಪಾಯ.”

“ನಾನೆಲ್ಲಿ ಗಾಡಿ ಓಡಿಸ್ತೀನಿ ಮಾರಾಯ್ತಿ!” ಅನ್ನಪೂರ್ಣಮ್ಮ ನಕ್ಕರು. “ಮನೆ ಅಂದ್ಮೇಲೆ ರಾತ್ರಿ ಒಂಚೂರು ನೆಮ್ಮದಿ ಬೇಡ್ವಾ?”

ಯಜ್ಞೇಶ ತಾನೇ ಮಾತ್ರೆ ತೆಗೆದುಕೊಟ್ಟ. “ತಗೊಳ್ಳಿ ಅನ್ನಪೂರ್ಣಕ್ಕ. ಮನಸ್ಸು ಚೊಕ್ಕ ಇದ್ರೆ ನಿದ್ದೆ ತಾನಾಗೇ ಬರತ್ತೆ, ನನ್ನ ನೋಡಿ, ದಿಂಬಿಗೆ ತಲೆ ಕೊಟ್ರೆ ಬೆಳಗಾಗೋವರೆಗೂ ಎಚ್ಚರ ಇಲ್ಲ. ಎಲ್ರಿಗೂ ಆ ಪುಣ್ಯ ಎಲ್ಲಿಂದ ಬರ್ಬೇಕು?”

“ಸರ್, ಇದು ತಪ್ಪು” ಎಂದಳು ಸೌಜನ್ಯ. ಇನ್ನು ತಡೆಯಲಾಗಲಿಲ್ಲ.

“ತಪ್ಪಾ? ನಂಗೇ ಹೇಳ್ತೀಯಾ? ನಡಿ, ನಾಳೆಯಿಂದ ಬರ್ಬೇಡ!”

ಬ್ಯಾಗು ಹೆಗಲಿಗೆ ಹಾಕಿಕೊಂಡು, ಕಣ್ಣೊರೆಸಿಕೊಳ್ಳುತ್ತ ಅವಳು ಬಸ್‌ಸ್ಟ್ಯಾಂಡಿಗೆ ಬಂದಳು. ಅಪ್ಪನಿಗೆ ಏನು ಹೇಳುವುದೋ ತಿಳಿಯಲಿಲ್ಲ. ಅಲ್ಲಿ ಬೆಂಚಿನ ಮೇಲೆ ಅನ್ನಪೂರ್ಣಮ್ಮ, ಪಕ್ಕದಲ್ಲಿ ಇನ್ನೊಬ್ಬ ಹೆಂಗಸು. ಮಾತ್ರೆ ಕೈ ಬದಲಾಗುತ್ತಿತ್ತು.

ಸೌಜನ್ಯ ಗುರುತು ಹಿಡಿದಳು. ಅಂಗಡಿಗೆ ಊಟದ ಕ್ಯಾರಿಯರ್ ತರುತ್ತಿದ್ದ ಮೂಕಾಂಬಿಕಾ, ಯಜ್ಞೇಶನ ಹೆಂಡತಿ.

“ಬೇಜಾರ್ ಮಾಡ್ಕೋಬೇಡ ಕೂಸೇ” ಎಂದಳು ಮೂಕಾಂಬಿಕಾ, ಮಾತ್ರೆಯನ್ನು ಸೆರಗಿನ ತುದಿಗೆ ಗಂಟು ಹಾಕುತ್ತ. “ಆ ಬಾಯಿ ರಾತ್ರಿನಾದ್ರೂ ಮುಚ್ಚಿರ್ಲಿ ಅಂತ ದಿನಾ ಅವರ ಕಷಾಯಕ್ಕೆ ಹಾಕ್ತೀನಿ. ಗಂಡನ್ನ ಮಲಗ್ಸೋಕೆ ಯಾವ ಡಾಕ್ಟರು ಚೀಟಿ ಬರ್ಕೊಡ್ತಾರೆ, ನೀನೇ ಹೇಳು?”